ಮಾರ್ಗರೆಟ್ ಬೀದಿಯ ಆಲ್ ಸೇಂಟ್ಸ್ ಚರ್ಚು

ಲಂಡನ್ನಿನ ಮಾರ್ಗರೆಟ್ ಬೀದಿಯಲ್ಲಿರುವ ಆಲ್ ಸೇಂಟ್ಸ್ ಚರ್ಚು 1850ರಿಂದ 1859ರ ನಡುವೆ ಕಟ್ಟಿದ ಆಂಗ್ಲಿಕನ್ ಪಂಥದ ಪ್ಯಾರಿಷ್ ಚರ್ಚು. ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಯ ಆರೈಕೆಗೆ ಒಳಪಟ್ಟ ಒಂದು ಊರು ಅಥವಾ ಕೇರಿ. ಅಲ್ಲಿಯವರ ದೀಕ್ಷಾಸ್ನಾನ, ಮದುವೆ, ಉತ್ತರಕ್ರಿಯೆಯ ಪ್ರಾರ್ಥನೆ ಎಲ್ಲವೂ ಆ ಚರ್ಚಿಗೆ ಸೇರಿದ್ದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ ಇಂಗ್ಲೆಂಡಿನ ತುಂಬ ಇಂಥ ಚರ್ಚುಗಳು ಸಾವಿರಗಟ್ಟಲೆ ಎದ್ದವು. ಅವುಗಳಲ್ಲಿ ಬಹುಪಾಲು ಹಳೆಯ ಹಳ್ಳಿ ಚರ್ಚುಗಳ ವಿನಯದ ನಕಲುಗಳು. ಮಾರ್ಗರೆಟ್ ಬೀದಿಯ ಚರ್ಚು ಹಾಗಲ್ಲ. ಹೊಗೆ ತುಂಬಿದ ಕೈಗಾರಿಕಾ ನಗರದ ನಡುವೆ, ಮೂರು ಕಡೆ ಮನೆಗಳು ಒತ್ತಿಕೊಂಡಿರುವ ಜಾಗದಲ್ಲಿ ದೇವರ ಮನೆ ಹೇಗಿರಬೇಕು ಎಂಬ ಪ್ರಶ್ನೆಯನ್ನು ಹೊಸದಾಗಿ ಎತ್ತಿಕೊಂಡು ಉತ್ತರಿಸಿದ ಮೊದಲ ದೊಡ್ಡ ಪ್ರಯತ್ನ ಅದು. ಗೋಡೆಗೆ ಮೇಲಿನಿಂದ ಬಳಿಯುವ ಬಣ್ಣದ ಬದಲು, ಗೋಡೆ ಕಟ್ಟುವ ಸಾಮಗ್ರಿಯಲ್ಲೇ ಬಣ್ಣ ಇರಬೇಕು ಎಂಬುದು ಆ ಉತ್ತರದ ತಿರುಳು.

ಈ ಪ್ರಶ್ನೆ ಹುಟ್ಟಿದ್ದಕ್ಕೆ ಕಾರಣ ಜನಸಂಖ್ಯೆ. 1801ರಲ್ಲಿ ಸುಮಾರು 10 ಲಕ್ಷ ಜನರಿದ್ದ ಲಂಡನ್ 1851ರ ಹೊತ್ತಿಗೆ 23 ಲಕ್ಷ ದಾಟಿತ್ತು. ಹೊಸ ಕೇರಿಗಳಲ್ಲಿ ಬಂದು ನೆಲೆಸಿದವರಿಗೆ ಕೂತು ಪ್ರಾರ್ಥಿಸಲು ಜಾಗವಿರಲಿಲ್ಲ. 1818ರಲ್ಲಿ ಪಾರ್ಲಿಮೆಂಟು ಚರ್ಚು ಕಟ್ಟಡಗಳಿಗೆಂದು 10 ಲಕ್ಷ ಪೌಂಡು ಮಂಜೂರು ಮಾಡಿತು. 1824ರಲ್ಲಿ ಇನ್ನೂ 5 ಲಕ್ಷ ಕೊಟ್ಟಿತು. ಈ ಹಣದ ನೆರವಿನಿಂದ ಸುಮಾರು 600 ಚರ್ಚುಗಳು ಎದ್ದವು. ಕಡಿಮೆ ಖರ್ಚಿನಲ್ಲಿ ಹೆಚ್ಚು ಜನ ಕೂರಬೇಕು ಎಂಬುದೊಂದೇ ಗುರಿಯಾದ್ದರಿಂದ ಅವು ಹೆಚ್ಚಾಗಿ ಉದ್ದನೆಯ ಪೆಟ್ಟಿಗೆಯಂಥ ಕಟ್ಟಡಗಳಾದವು. ಗೋಡೆ ತೆಳು, ಗಾರೆ ಅಗ್ಗ, ಕಿಟಕಿಯ ಮೇಲೆ ಹೆಸರಿಗೊಂದು ಚೂಪು ಕಮಾನು.

ಇದನ್ನು ಸಹಿಸದವರು ಎರಡು ಕಡೆಯಿಂದ ಎದ್ದರು. ಆಕ್ಸ್‌ಫರ್ಡಿನಲ್ಲಿ 1833ರಲ್ಲಿ ಜಾನ್ ಕೀಬಲ್, ಜಾನ್ ಹೆನ್ರಿ ನ್ಯೂಮನ್, ಎಡ್ವರ್ಡ್ ಪ್ಯೂಸಿ ಮೊದಲಾದವರ ಚಳವಳಿ ಶುರುವಾಯಿತು. ಇಂಗ್ಲೆಂಡಿನ ಚರ್ಚು ಸರ್ಕಾರದ ಒಂದು ಇಲಾಖೆಯಲ್ಲ, ಪ್ರಾಚೀನ ಕಾಲದಿಂದ ಹರಿದು ಬಂದ ಪವಿತ್ರ ಸಂಸ್ಥೆ, ಅದರ ವಿಧಿಗಳಿಗೆ ಮತ್ತೆ ಘನತೆ ಬರಬೇಕು ಎಂಬುದು ಅವರ ನಿಲುವು. ಕೇಂಬ್ರಿಜ್ಜಿನಲ್ಲಿ 1839ರಲ್ಲಿ ಕೆಲವು ವಿದ್ಯಾರ್ಥಿಗಳು ಸೇರಿ ಕ್ಯಾಮ್ಡೆನ್ ಸೊಸೈಟಿ ಎಂಬ ಸಂಘ ಕಟ್ಟಿದರು. ಮಧ್ಯಯುಗದ, ಚೂಪು ಕಮಾನಿನ ಗೋಥಿಕ್ ಶೈಲಿಯ ಚರ್ಚುಗಳನ್ನು ಅಳೆದು, ಬರೆದು, ಅಧ್ಯಯನ ಮಾಡಿ, ಹೊಸ ಚರ್ಚು ಹೇಗಿರಬೇಕೆಂದು ಹೇಳುವುದು ಇವರ ಕೆಲಸ. ಸಂಘದ ಪತ್ರಿಕೆ 'ದಿ ಎಕ್ಲೀಸಿಯಾಲಜಿಸ್ಟ್' ಯಾವ ವಾಸ್ತುಶಿಲ್ಪಿಯನ್ನೂ ಬಿಡದೆ ವಿಮರ್ಶಿಸುತ್ತಿತ್ತು. ಅದರ ಒಂದು ಪುಟ ಒಬ್ಬನ ಹೆಸರನ್ನು ಎತ್ತಲೂ ಬಲ್ಲುದಾಗಿತ್ತು, ಕೆಡಿಸಲೂ ಬಲ್ಲುದಾಗಿತ್ತು. 1845ರ ನಂತರ ಸಂಘ ಲಂಡನ್ನಿಗೆ ಬಂದು ಎಕ್ಲೀಸಿಯಲಾಜಿಕಲ್ ಸೊಸೈಟಿ ಎಂಬ ಹೆಸರು ಪಡೆಯಿತು. ಕೇಂಬ್ರಿಜ್ಜಿನವರಿಗೂ ಮೊದಲೇ ವಾಸ್ತುಶಿಲ್ಪಿ ಆಗಸ್ಟಸ್ ಪ್ಯೂಜಿನ್ 1836ರ ತನ್ನ 'ಕಾಂಟ್ರಾಸ್ಟ್ಸ್' ಪುಸ್ತಕದಲ್ಲಿ ಗೋಥಿಕ್ ಶೈಲಿಯೇ ಕ್ರೈಸ್ತ ಶೈಲಿ ಎಂದು ವಾದಿಸಿ ನೆಲ ಹದ ಮಾಡಿದ್ದ.

ಮಾರ್ಗರೆಟ್ ಬೀದಿಯಲ್ಲಿ ಆಗ ಇದ್ದುದು ಮಾರ್ಗರೆಟ್ ಚಾಪೆಲ್ ಎಂಬ ಸಾಧಾರಣ ಪ್ರಾರ್ಥನಾಮಂದಿರ. ಒಳಗೂ ಹೊರಗೂ ಅಂದವಿಲ್ಲದ ಕಟ್ಟಡ. 1839ರಲ್ಲಿ ಇಲ್ಲಿಗೆ ಪಾದ್ರಿಯಾಗಿ ಬಂದ ಫ್ರೆಡರಿಕ್ ಓಕ್ಲಿ ಆಕ್ಸ್‌ಫರ್ಡ್ ಚಳವಳಿಯವನು. ಕಟ್ಟಡವನ್ನು ಬದಲಿಸಲಾಗದಿದ್ದರೂ ಆರಾಧನೆಯನ್ನು ಬದಲಿಸಿದ. ಬಲಿಪೀಠದ ಮೇಲೆ ಮೇಣದ ಬತ್ತಿ, ಹೂವು, ಹಳೆಯ ಗ್ರೆಗೋರಿಯನ್ ರಾಗಗಳಲ್ಲಿ ಕೀರ್ತನೆಗಳ ಹಾಡುಗಾರಿಕೆ. ಆರ್ಗನ್ ವಾದಕ ರಿಚರ್ಡ್ ರೆಡ್‌ಹೆಡ್ ಈ ರಾಗಗಳಿಗಾಗಿ 1843ರಲ್ಲಿ ಒಂದು ಪುಸ್ತಕವನ್ನೇ ಹೊರತಂದ. ಕ್ರಿಸ್ಮಸ್ ಬಂದಾಗ ಇಂಗ್ಲಿಷ್ ಬಲ್ಲ ಎಲ್ಲ ಚರ್ಚುಗಳಲ್ಲೂ ಇವತ್ತು ಕೇಳಿಬರುವ, ಭಕ್ತರನ್ನು ಬೆತ್ಲೆಹೆಮಿಗೆ ಕರೆಯುವ ಹಾಡನ್ನು ಓಕ್ಲಿ ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದದ್ದು ಈ ಮಂದಿರಕ್ಕಾಗಿಯೇ. ಮುಂದೆ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ ಇಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬ. 1845ರಲ್ಲಿ ನ್ಯೂಮನ್ ರೋಮನ್ ಕ್ಯಾಥೊಲಿಕ್ ಪಂಥ ಸೇರಿದ; ಅದೇ ವರ್ಷ ಓಕ್ಲಿಯೂ ಆ ದಾರಿ ಹಿಡಿದ. ಉಳಿದ ಭಕ್ತರನ್ನು ಒಟ್ಟಿಗೆ ಹಿಡಿದಿಟ್ಟವನು ಅವನ ಜಾಗಕ್ಕೆ ಬಂದ ವಿಲಿಯಂ ಅಪ್ಟನ್ ರಿಚರ್ಡ್ಸ್. ಸದ್ದಿಲ್ಲದೆ ದುಡಿದ ಈ ಪಾದ್ರಿಯೇ ಹೊಸ ಚರ್ಚಿನ ಮೊದಲ ವಿಕಾರ್, ಎಂದರೆ ಪ್ಯಾರಿಷ್ ಪಾದ್ರಿ, ಆದ.

ಹೊಸ ಚರ್ಚಿನ ಯೋಜನೆಯ ಹಿಂದೆ ಇದ್ದವನು ಅಲೆಕ್ಸಾಂಡರ್ ಬೆರೆಸ್‌ಫರ್ಡ್ ಹೋಪ್. ಸಿರಿವಂತ, ಪಾರ್ಲಿಮೆಂಟ್ ಸದಸ್ಯ, ಎಕ್ಲೀಸಿಯಲಾಜಿಕಲ್ ಸೊಸೈಟಿಯ ಹಿರಿಯ. ಸಂಘ ಹತ್ತು ವರ್ಷಗಳಿಂದ ಕಾಗದದ ಮೇಲೆ ಹೇಳುತ್ತಿದ್ದುದನ್ನು ಒಂದು ಮಾದರಿ ಚರ್ಚಿನಲ್ಲಿ ಕಟ್ಟಿ ತೋರಿಸಬೇಕೆಂಬುದು ಅವನ ಹಂಬಲ. ಆಗಲೇ ನಲುಗಿದ್ದ ಮಾರ್ಗರೆಟ್ ಚಾಪೆಲ್ಲಿನ ಸಭೆಗೆ ಹೊಸ ಕಟ್ಟಡ ಬೇಕಿತ್ತು; ಸಂಘಕ್ಕೆ ಒಂದು ಜಾಗ ಬೇಕಿತ್ತು. ಎರಡೂ ಕೂಡಿಬಂದವು. ಹೆನ್ರಿ ಟ್ರಿಟನ್ ಎಂಬ ಬ್ಯಾಂಕರ್ ತನ್ನ ಹೆಸರು ಹೊರಗೆ ಬಾರದಂತೆ ದೊಡ್ಡ ಮೊತ್ತ ಕೊಟ್ಟ. ಒಟ್ಟು ವೆಚ್ಚ ಸುಮಾರು 70,000 ಪೌಂಡು ತಲುಪಿತು. ಸಣ್ಣ ಪ್ಯಾರಿಷ್ ಚರ್ಚಿಗೆ ಆ ಕಾಲದಲ್ಲಿ ಅದು ಬಹಳ ದೊಡ್ಡ ಹಣ.

ವಾಸ್ತುಶಿಲ್ಪಿಯಾಗಿ ಸಂಘ ಆರಿಸಿದ್ದು ವಿಲಿಯಂ ಬಟರ್‌ಫೀಲ್ಡನನ್ನು. ಅವನು 1814ರಲ್ಲಿ ಲಂಡನ್ನಿನಲ್ಲೇ ಹುಟ್ಟಿದವನು. ತಂದೆ ಔಷಧದ ವ್ಯಾಪಾರಿ, ಆಂಗ್ಲಿಕನ್ ಚರ್ಚಿನಿಂದ ಹೊರಗಿದ್ದ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್. ಹದಿನಾರರ ವಯಸ್ಸಿನಲ್ಲಿ ಹುಡುಗ ಕೆಲಸ ಕಲಿಯಲು ಹೋದದ್ದು ಒಬ್ಬ ಕಟ್ಟಡ ಗುತ್ತಿಗೆದಾರನ ಬಳಿಗೆ. ನಕಾಶೆ ಬರೆಯುವುದಕ್ಕೂ ಮುಂಚೆ ಇಟ್ಟಿಗೆ, ಸುಣ್ಣ, ಮರಗೆಲಸ ಬಲ್ಲವನಾಗಿದ್ದ ಎಂಬುದು ಅವನ ಕಟ್ಟಡಗಳನ್ನು ನೋಡಿದರೆ ಗೊತ್ತಾಗುತ್ತದೆ. 1840ರಲ್ಲಿ ಸ್ವಂತ ಕಚೇರಿ ತೆರೆದ. ಮದುವೆಯಾಗಲಿಲ್ಲ, ಬೆಳಿಗ್ಗೆ ಚರ್ಚು, ಹಗಲೆಲ್ಲ ಕೆಲಸ, ಇಷ್ಟೇ ಬದುಕು. ಸಂಘಕ್ಕಾಗಿ ಬೆಳ್ಳಿ ಪಾತ್ರೆಗಳಿಂದ ಹಿಡಿದು ಬಾಗಿಲ ಕೀಲುಗಳವರೆಗೆ ಚರ್ಚಿನ ಸಾಮಾನುಗಳ ವಿನ್ಯಾಸ ಮಾಡಿಕೊಟ್ಟಿದ್ದ. ದೊಡ್ಡ ಅವಕಾಶ ಸಿಕ್ಕಾಗ ಅವನಿಗೆ ಮೂವತ್ತೈದು ವರ್ಷ.

ಅಡಿಗಲ್ಲನ್ನು 1850ರ ನವೆಂಬರಿನಲ್ಲಿ ಪ್ಯೂಸಿ ಇಟ್ಟ. ಸಮಯ ಒಳ್ಳೆಯದಾಗಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಪೋಪ್ ಇಂಗ್ಲೆಂಡಿಗೆ ಕ್ಯಾಥೊಲಿಕ್ ಬಿಷಪ್ಪುಗಳನ್ನು ಮತ್ತೆ ನೇಮಿಸಿದ್ದ; ದೇಶವೆಲ್ಲ ಕೆರಳಿತ್ತು. ಆಂಗ್ಲಿಕನ್ನರೊಳಗೇ ದೀಪ, ನಿಲುವಂಗಿ, ಸಂಗೀತ ಇಟ್ಟುಕೊಂಡವರನ್ನು ರೋಮಿನ ಗುಪ್ತ ಅನುಯಾಯಿಗಳೆಂದು ಜನ ಶಂಕಿಸಿದರು. ಲಂಡನ್ನಿನ ಪಿಮ್ಲಿಕೊ ಕೇರಿಯ ಸೇಂಟ್ ಬಾರ್ನಬಸ್ ಚರ್ಚಿನ ಮುಂದೆ ಆ ನವೆಂಬರಿನಲ್ಲೇ ದೊಂಬಿ ನಡೆಯಿತು. ಹೀಗಿರುವಾಗ ಈ ಚರ್ಚಿನ ಕೆಲಸ ನಿಲ್ಲದೆ ಮುಂದುವರಿದದ್ದು ಅಪ್ಟನ್ ರಿಚರ್ಡ್ಸನ ಸಹನೆಯಿಂದ. ಹಳೆಯ ಮಂದಿರ ಕೆಡವಿದ ಮೇಲೆ ಸಭೆ ಒಂಬತ್ತು ವರ್ಷ ಟಿಚ್‌ಫೀಲ್ಡ್ ಬೀದಿಯ ತಾತ್ಕಾಲಿಕ ಕಟ್ಟಡದಲ್ಲಿ ಪ್ರಾರ್ಥಿಸಿತು.

ಸಿಕ್ಕ ನಿವೇಶನ ಸುಮಾರು 100 ಅಡಿ ಉದ್ದ, ಅಷ್ಟೇ ಅಗಲ. ಅದರಲ್ಲಿ ಚರ್ಚಿನ ಜೊತೆಗೆ ಪಾದ್ರಿಗಳ ಮನೆಯೂ ಹಾಡುವ ಹುಡುಗರ ಶಾಲೆಯೂ ಬರಬೇಕಿತ್ತು. ಬೇರೊಬ್ಬ ವಾಸ್ತುಶಿಲ್ಪಿಯಾಗಿದ್ದರೆ ಚರ್ಚನ್ನು ಬೀದಿಗೆ ಮುಖ ಮಾಡಿ ನಿಲ್ಲಿಸಿ, ಮನೆಗಳನ್ನು ಹಿಂದೆ ಅವಿತಿಡುತ್ತಿದ್ದ. ಬಟರ್‌ಫೀಲ್ಡ್ ಮನೆಗಳೆರಡನ್ನೂ ಬೀದಿಯ ಅಂಚಿಗೆ ತಂದು, ಅವುಗಳ ನಡುವೆ ಕಮಾನುಬಾಗಿಲು ಇಟ್ಟು, ಒಳಗೆ ಸಣ್ಣ ಅಂಗಳ ಬಿಟ್ಟು, ಅಂಗಳದ ಆಚೆ ನಿವೇಶನದ ಹಿಂಭಾಗಕ್ಕೆ ಚರ್ಚನ್ನು ಪೂರ್ವ-ಪಶ್ಚಿಮವಾಗಿ ಮಲಗಿಸಿದ. ಚರ್ಚಿನ ದಕ್ಷಿಣದ ಗೋಡೆ ಮಾತ್ರ ಅಂಗಳಕ್ಕೆ ತೆರೆದುಕೊಂಡಿದೆ. ಪೂರ್ವಕ್ಕೂ ಉತ್ತರಕ್ಕೂ ನೆರೆಮನೆಗಳು ಅಂಟಿಕೊಂಡಿವೆ. ಆದ್ದರಿಂದ ಗೋಥಿಕ್ ಚರ್ಚಿನ ಮುಖ್ಯ ಅಲಂಕಾರವಾದ ಪೂರ್ವದ ದೊಡ್ಡ ಕಿಟಕಿ ಇಲ್ಲಿ ಸಾಧ್ಯವೇ ಇರಲಿಲ್ಲ, ಉತ್ತರದ ಗೋಡೆಯಲ್ಲೂ ಕಿಟಕಿ ಇಲ್ಲ. ಈ ಎರಡು ಕುರುಡು ಗೋಡೆಗಳೇ ಮುಂದೆ ಕಟ್ಟಡದ ಅತ್ಯಂತ ಶ್ರೀಮಂತ ಭಾಗಗಳಾದವು.

ಇಟ್ಟಿಗೆಯ ಆಯ್ಕೆ ಆ ಕಾಲದವರಿಗೆ ಸೋಜಿಗ ತಂದಿತು. ಗೋಥಿಕ್ ಎಂದರೆ ಕಲ್ಲು ಎಂಬುದು ಇಂಗ್ಲೆಂಡಿನಲ್ಲಿ ಬೇರೂರಿದ್ದ ಭಾವನೆ. ಇಟ್ಟಿಗೆ ಗೋದಾಮಿಗೆ, ಗಿರಣಿಗೆ, ಬಡವರ ಮನೆಸಾಲಿಗೆ. ಕೆಂಟ್ ಕಡೆಯ ಒರಟು ಕಲ್ಲನ್ನು ಹೊರಗೋಡೆಗೆ ಹೊದಿಸಿ, ನಗರದ ಚರ್ಚಿಗೂ ಹಳ್ಳಿಯ ಮುಖ ಕೊಡುವುದು ರೂಢಿಯಾಗಿತ್ತು. ಆದರೆ ಲಂಡನ್ನಿನ ಗಾಳಿಯಲ್ಲಿ ಕಲ್ಲಿದ್ದಲ ಹೊಗೆ. ಒರಟು ಕಲ್ಲಿನ ಸಂದುಗೊಂದುಗಳಲ್ಲಿ ಮಸಿ ಕೂತು, ಕೆಲವೇ ವರ್ಷಗಳಲ್ಲಿ ಗೋಡೆ ಕಪ್ಪಾಗುತ್ತಿತ್ತು. ವಾಸ್ತುಶಿಲ್ಪಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್ 1850ರಲ್ಲಿ 'ದಿ ಎಕ್ಲೀಸಿಯಾಲಜಿಸ್ಟ್' ಪತ್ರಿಕೆಯಲ್ಲಿ ನಗರದ ಚರ್ಚಿನ ಲಕ್ಷಣಗಳ ಬಗ್ಗೆ ಬರೆದು, ಹಳ್ಳಿಯ ಚರ್ಚನ್ನು ನಗರಕ್ಕೆ ತಂದು ನಿಲ್ಲಿಸುವುದು ತಪ್ಪು, ನಗರಕ್ಕೆ ನುಣುಪಾದ ಗೋಡೆ ಬೇಕು, ಎತ್ತರ ಬೇಕು, ಇಟ್ಟಿಗೆಯಾದರೂ ಸರಿ ಎಂದು ವಾದಿಸಿದ. ಇಟ್ಟಿಗೆಯ ಮೇಲಿದ್ದ ಸುಂಕವನ್ನು ಸರ್ಕಾರ ತೆಗೆದುಹಾಕಿದ್ದೂ ಅದೇ 1850ರಲ್ಲಿ. ಹಾಗೆಂದು ಬಟರ್‌ಫೀಲ್ಡ್ ಇಟ್ಟಿಗೆಗೆ ಹೋದದ್ದು ಉಳಿತಾಯಕ್ಕಲ್ಲ. ಅವನು ಆರಿಸಿದ ಗುಲಾಬಿಗೆಂಪಿನ ಉತ್ತಮ ಇಟ್ಟಿಗೆಗೆ ಕಲ್ಲಿಗಿಂತ ಹೆಚ್ಚು ಬೆಲೆ ಬಿತ್ತೆಂದು ಹೇಳುತ್ತಾರೆ. ಇಟ್ಟಿಗೆಗೆ ಮರ್ಯಾದೆ ತಂದುಕೊಡಬೇಕೆಂಬುದು ಅವನ ಹಟ.

ಅಂಗಳದಲ್ಲಿ ನಿಂತು ಗೋಡೆಯನ್ನು ಹತ್ತಿರದಿಂದ ನೋಡಿದರೆ ಈ ಹಟದ ಅರ್ಥ ತಿಳಿಯುತ್ತದೆ. ಕೆಂಪು ಇಟ್ಟಿಗೆಯ ವರಸೆಗಳ ನಡುವೆ ಕಪ್ಪು ಇಟ್ಟಿಗೆಯ ಪಟ್ಟಿಗಳು ಅಡ್ಡಲಾಗಿ ಓಡುತ್ತವೆ. ಕೆಲವೆಡೆ ಕಪ್ಪು ಇಟ್ಟಿಗೆ ಓರೆಯಾಗಿ ಹತ್ತಿ ಇಳಿದು ಅಂಕುಡೊಂಕಿನ ಸಾಲಾಗುತ್ತದೆ. ಕಿಟಕಿಯ ಚೌಕಟ್ಟಿಗೆ, ಗೋಡೆಯ ಅಂಚಿಗೆ ಬಿಳಿಚು ಕಲ್ಲು. ಯಾವುದೂ ಅಂಟಿಸಿದ್ದಲ್ಲ. ಕಪ್ಪು ಇಟ್ಟಿಗೆಯೂ ಕೆಂಪು ಇಟ್ಟಿಗೆಯಷ್ಟೇ ಗೋಡೆಯ ಭಾರ ಹೊರುತ್ತದೆ. ಮಳೆ ಬಂದರೆ ಮಸಿ ತೊಳೆದುಹೋಗುತ್ತದೆ, ಬಣ್ಣ ಹೋಗುವುದಿಲ್ಲ. ಅಂಗಳದ ಕಡೆಯ ಗೋಡೆಯಿಂದ ಒಂದು ಆನಿಕೆಗಂಬ ಮೇಲೆದ್ದು ಚೂಪು ಶಿಖರವಾಗಿದೆ. ಅದರ ಮೇಲೆ ದೇವದೂತ ಮರಿಯಳಿಗೆ ಶುಭವಾರ್ತೆ ತಿಳಿಸುವ ದೃಶ್ಯದ ಉಬ್ಬುಶಿಲ್ಪ. ಇಷ್ಟು ಚಿಕ್ಕ ಅಂಗಳಕ್ಕೆ ಶಿಲ್ಪ ಅದೊಂದೇ ಸಾಕೆಂದು ಬಿಟ್ಟದ್ದು ಒಳ್ಳೆಯ ತೀರ್ಮಾನ.

ನೈಋತ್ಯ ಮೂಲೆಯಲ್ಲಿ ಗಂಟೆಗೋಪುರ. ಅದರ ಮೇಲೆ ಸ್ಲೇಟ್ ಹೊದಿಸಿದ ಮೊನಚು ಶಿಖರ. ನೆಲದಿಂದ ತುದಿಯವರೆಗೆ 227 ಅಡಿ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಶ್ಚಿಮದ ಗೋಪುರಗಳಿಗಿಂತ ತುಸು ಎತ್ತರ. ಇಂಗ್ಲೆಂಡಿನ ಶಿಖರಗಳಿಗಿಂತ ಉತ್ತರ ಜರ್ಮನಿಯ ಲ್ಯೂಬೆಕ್ ನಗರದ ಇಟ್ಟಿಗೆ ಚರ್ಚುಗಳ ಶಿಖರವನ್ನು ಇದು ಹೋಲುತ್ತದೆ. ಅಲ್ಲಿ ಕಲ್ಲು ಸಿಗದ ಸಮುದ್ರತೀರದ ವರ್ತಕರು ಮಧ್ಯಯುಗದಲ್ಲೇ ಬೃಹತ್ ಗೋಥಿಕ್ ಚರ್ಚುಗಳನ್ನು ಇಟ್ಟಿಗೆಯಲ್ಲಿ ಕಟ್ಟಿದ್ದರು. ಇಕ್ಕಟ್ಟಿನ ಅಂಗಳದಿಂದ ಕತ್ತೆತ್ತಿದವರಿಗೆ ಗೋಪುರ ತಲೆಯ ಮೇಲೆಯೇ ನೆಟ್ಟಗೆ ಏರಿದಂತೆ ಕಾಣುತ್ತದೆ. ಬೀದಿಯಿಂದ ಮರೆಯಾದ ಚರ್ಚು ಊರಿಗೆ ತನ್ನ ಇರವನ್ನು ಸಾರುವುದು ಈ ಶಿಖರದಿಂದಲೇ.

ಒಳಗೆ ಹೋದರೆ ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಬೇಕು. ಬೆಳಕು ಬರುವುದು ಪಶ್ಚಿಮದ ಕಿಟಕಿ, ದಕ್ಷಿಣದ ಪಾರ್ಶ್ವ, ಮತ್ತು ಮೇಲ್ಗೋಡೆಯ ಕಿಟಕಿಗಳಿಂದ ಮಾತ್ರ. ಒಳಗಿನ ವಿಭಾಗಕ್ರಮ ಕನ್ನಡ ನಾಡಿನ ದೇವಾಲಯ ಬಲ್ಲವರಿಗೆ ಹೊಸದಾಗಿ ತೋರದು: ಭಕ್ತರು ಸೇರುವ ನಡುಹಜಾರ ನವರಂಗದ ಹಾಗೆ, ಹಾಡುಗಾರರು ಕೂರುವ ಮುಂಭಾಗ ಸುಕನಾಸಿಯ ಹಾಗೆ, ಅದರಾಚೆ ಮೆಟ್ಟಿಲೇರಿ ಬಲಿಪೀಠ. ನಡುಹಜಾರದಲ್ಲಿ ಮೂರೇ ಅಂಕಣಗಳು. ಉದ್ದ ಕಡಿಮೆ, ಎತ್ತರ ಹೆಚ್ಚು. ಹಾಗಾಗಿ ಜಾಗ ಕಿರಿದೆಂಬ ಭಾವನೆ ಬರುವುದೇ ಇಲ್ಲ. ಹಜಾರಕ್ಕೆ ಮರದ ಚಾವಣಿ, ಬಲಿಪೀಠದ ಭಾಗಕ್ಕೆ ಕಲ್ಲಿನ ಕಮಾನುಚಾವಣಿ. ಪವಿತ್ರ ಜಾಗ ಹತ್ತಿರವಾದಂತೆ ಸಾಮಗ್ರಿಯೂ ಏರುತ್ತ ಹೋಗುತ್ತದೆ.

ಈ ಏರಿಕೆ ಒಳಗೆಲ್ಲ ಕಾಣುತ್ತದೆ. ಹಜಾರದ ಕಂಬಗಳು ಮೆರುಗು ಕೊಟ್ಟ ಸ್ಕಾಟ್ಲೆಂಡಿನ ಕೆಂಪು ಗ್ರಾನೈಟು. ಕಂಬದ ಬೋದಿಗೆಗಳು ಬಿಳಿಯ ಅಲಬಾಸ್ಟರಿನವು, ಎಲೆಬಳ್ಳಿಯ ಕೆತ್ತನೆಯವು. ಕಮಾನುಗಳ ಮೇಲಿನ ಗೋಡೆಯಲ್ಲಿ ಬಣ್ಣದ ಕಲ್ಲು, ಟೈಲು, ಬಣ್ಣ ತುಂಬಿದ ಗಾರೆ ಸೇರಿ ವೃತ್ತ, ಚೌಕ, ಅಡ್ಡಪಟ್ಟಿಗಳ ಜ್ಯಾಮಿತಿ. ಉಪದೇಶದ ವೇದಿಕೆ ಬಗೆಬಗೆಯ ಅಮೃತಶಿಲೆಯ ಜೋಡಣೆ. ಹಜಾರಕ್ಕೂ ಬಲಿಪೀಠದ ಭಾಗಕ್ಕೂ ನಡುವೆ ಎತ್ತರದ ತೆರೆಗೋಡೆ ಇಡುವುದು ಆಗಿನ ಗೋಥಿಕ್‌ವಾದಿಗಳ ಪದ್ಧತಿ. ಇಲ್ಲಿ ಸೊಂಟದೆತ್ತರದ ಅಮೃತಶಿಲೆಯ ಗೋಡೆ ಮಾತ್ರ ಇದೆ. ಹಿಂದಿನ ಬೆಂಚಿನಲ್ಲಿ ಕೂತವನಿಗೂ ಬಲಿಪೀಠ ಕಾಣಬೇಕು. ಗೋಪುರದ ತಳದಲ್ಲಿ ದೀಕ್ಷಾಸ್ನಾನದ ಕೋಣೆ. ಅದರ ಚಾವಣಿಯಲ್ಲಿ ತನ್ನ ಎದೆಯ ರಕ್ತದಿಂದ ಮರಿಗಳನ್ನು ಸಾಕುವ ಪೆಲಿಕನ್ ಹಕ್ಕಿ. ಕ್ರೈಸ್ತರಿಗೆ ಅದು ಕ್ರಿಸ್ತನ ತ್ಯಾಗದ ಹಳೆಯ ಸಂಕೇತ. ಮಗುವನ್ನು ಎತ್ತಿಕೊಂಡು ಬಂದವರು ತಲೆ ಎತ್ತಿದರೆ ಕಾಣಲಿ ಎಂದೇ ಅಲ್ಲಿಟ್ಟದ್ದು.

ಪೂರ್ವದ ಗೋಡೆಗೆ ಕಿಟಕಿ ಇಲ್ಲವಾದ್ದರಿಂದ ಅದನ್ನು ಅಂತಸ್ತು ಅಂತಸ್ತಾಗಿ ಕಲ್ಲಿನ ಗೂಡುಗಳಿಂದ ತುಂಬಿ, ಪ್ರತಿ ಗೂಡಿನಲ್ಲೂ ಚಿತ್ರ ಬರೆಸಲಾಯಿತು. ಬರೆದವನು ವಿಲಿಯಂ ಡೈಸ್. ಪಾರ್ಲಿಮೆಂಟ್ ಭವನದ ಗೋಡೆಗಳಿಗೆ ಚಿತ್ರ ಬರೆದ ಹೆಸರಾಂತ ಕಲಾವಿದ, ಹಸಿಗಾರೆಯ ಮೇಲೆ ಬಣ್ಣ ಹಾಕುವ ಇಟಲಿಯ ವಿಧಾನವನ್ನು ಇಂಗ್ಲೆಂಡಿನಲ್ಲಿ ಮತ್ತೆ ರೂಢಿಗೆ ತರಲು ದುಡಿದವನು. ಬಂಗಾರದ ಹಿನ್ನೆಲೆಯಲ್ಲಿ ಕ್ರಿಸ್ತ, ಮರಿಯ, ಸಂತರ ಸಾಲು. ಇಟಲಿಯ ಹವೆಯಲ್ಲಿ ಶತಮಾನಗಳು ಬಾಳುವ ವಿಧಾನ ಲಂಡನ್ನಿನ ತೇವಕ್ಕೂ ಅನಿಲದೀಪದ ಹೊಗೆಗೂ ತಡೆಯಲಿಲ್ಲ. 1859ರಲ್ಲಿ ಮುಗಿದ ಚಿತ್ರಗಳನ್ನು 1864ರಲ್ಲೇ ಬಟರ್‌ಫೀಲ್ಡ್ ತಿದ್ದಿಸಬೇಕಾಯಿತು. ಅದೂ ನಿಲ್ಲಲಿಲ್ಲ. ಕೊನೆಗೆ 1909ರಲ್ಲಿ ವಾಸ್ತುಶಿಲ್ಪಿ ನಿನಿಯನ್ ಕಾಂಪರ್, ಡೈಸನ ವಿನ್ಯಾಸವನ್ನು ಅನುಸರಿಸಿ ಮರದ ಹಲಗೆಗಳ ಮೇಲೆ ಹೊಸ ಚಿತ್ರಗಳನ್ನು ಬರೆಸಿ ಗೂಡುಗಳಲ್ಲಿ ಕೂರಿಸಿದ. ಈಗ ಕಾಣುವುದು ಅವೇ. ಹೀಗೆ ಇಡೀ ಕಟ್ಟಡದಲ್ಲಿ ಮೊದಲು ಸೋತದ್ದು ಮೇಲಿನಿಂದ ಬಳಿದ ಬಣ್ಣ. ಸಾಮಗ್ರಿಯೊಳಗಿನ ಬಣ್ಣವನ್ನು ನಂಬಿದ ಬಟರ್‌ಫೀಲ್ಡನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈ ಪಾಠ ಫಲಿಸಿದ್ದನ್ನು ಉತ್ತರದ ಗೋಡೆಯ ಮೇಲೆ ಕಾಣಬಹುದು. 1873ರಲ್ಲಿ ಅಪ್ಟನ್ ರಿಚರ್ಡ್ಸ್ ತೀರಿಕೊಂಡ. ಅವನ ನೆನಪಿಗೆ ಬರಿದಾಗಿದ್ದ ಉತ್ತರದ ಗೋಡೆಯನ್ನು ಚಿತ್ರಗಳಿಂದ ತುಂಬಿಸಲು ನಿಶ್ಚಯವಾಯಿತು. ಈ ಸಲ ಬಟರ್‌ಫೀಲ್ಡ್ ಗಾರೆಯ ಗೊಡವೆಗೆ ಹೋಗಲಿಲ್ಲ. ಅವನ ವಿನ್ಯಾಸದಂತೆ ಅಲೆಕ್ಸಾಂಡರ್ ಗಿಬ್ಸ್ ಟೈಲುಗಳ ಮೇಲೆ ಚಿತ್ರ ಬರೆದ. ಹೆನ್ರಿ ಪೂಲ್ ಅಂಡ್ ಸನ್ಸ್ ಸಂಸ್ಥೆ ಅವನ್ನು ಕುಲುಮೆಯಲ್ಲಿ ಸುಟ್ಟಿತು. ಬೆಂಕಿಯಲ್ಲಿ ಬಣ್ಣ ಟೈಲಿನ ಮೈಗೆ ಬೆಸೆದುಕೊಳ್ಳುತ್ತದೆ. ಮಸಿ ಕೂತರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಗೋಡೆಯ ನಡುವೆ ಕ್ರಿಸ್ತಜನನದ ದೃಶ್ಯ. ಎರಡೂ ಪಕ್ಕಗಳಲ್ಲಿ ಕಲ್ಲಿನ ಚೌಕಟ್ಟಿನೊಳಗೆ ಹಳೆಯ ಒಡಂಬಡಿಕೆಯ ಹಿರಿಯರೂ ಚರ್ಚಿನ ಆರಂಭ ಕಾಲದ ಆಚಾರ್ಯರೂ ನಿಂತಿದ್ದಾರೆ. ಹತ್ತಿರ ಹೋಗಿ ನೋಡಿದರೆ ಟೈಲುಗಳ ಸಂದಿನ ಗೆರೆಗಳು ಮುಖಗಳ ಮೇಲೂ ನಿಲುವಂಗಿಗಳ ಮೇಲೂ ಹಾದುಹೋಗುತ್ತವೆ. ಅದನ್ನು ಮರೆಮಾಡುವ ಯತ್ನವೇ ಇಲ್ಲ. ಆಮೇಲೆ ಪಶ್ಚಿಮದ ಗೋಡೆಯ ಭಾಗಗಳಿಗೂ ಇದೇ ಕೆಲಸ ವಿಸ್ತರಿಸಿ, 1891ರ ಹೊತ್ತಿಗೆ ಪೂರ್ತಿಯಾಯಿತು. ಟೈಲಿನ ಈ ಗೋಡೆಗಳನ್ನು ಇಂಗ್ಲೆಂಡಿನಲ್ಲಿ ಆ ಬಗೆಯ ಕೆಲಸದ ಮೇಲ್ಮಟ್ಟದ ಮಾದರಿಗಳೆಂದು ಧೈರ್ಯವಾಗಿ ಹೇಳಬಹುದು.

ಬಣ್ಣದ ಗಾಜಿನಲ್ಲಿ ಬಟರ್‌ಫೀಲ್ಡನಿಗೆ ಅಷ್ಟು ಸಮಾಧಾನ ಸಿಗಲಿಲ್ಲ. ಮೊದಲು ಕೆಲಸ ವಹಿಸಿದ್ದ ಪ್ಯಾರಿಸ್ಸಿನ ಆನ್ರಿ ಜೆರಾಂತ್ 1849ರಲ್ಲೇ ತೀರಿಕೊಂಡ. ತಮ್ಮ ಆಲ್ಫ್ರೆಡ್ ಮುಂದುವರಿಸಿದ. ಮೇಲ್ಗೋಡೆಯ ಗಾಜು ಮೈಕೆಲ್ ಒಕಾನರನದು. ಪಶ್ಚಿಮದ ದೊಡ್ಡ ಕಿಟಕಿ ಕೊನೆಗೂ ಒಪ್ಪಿಗೆಯಾಗದೆ, 1877ರಲ್ಲಿ ಗಿಬ್ಸನ ಗಾಜಿಗೆ ಜಾಗ ಬಿಟ್ಟಿತು. ವೆಲ್ಸ್ ಕೆಥೀಡ್ರಲ್ಲಿನ ಹದಿನಾಲ್ಕನೆಯ ಶತಮಾನದ ಪ್ರಸಿದ್ಧ ಕಿಟಕಿಯನ್ನು ಮಾದರಿಯಾಗಿಟ್ಟುಕೊಂಡು ಕ್ರಿಸ್ತನ ವಂಶವೃಕ್ಷವನ್ನು ಅಲ್ಲಿ ಚಿತ್ರಿಸಿದ್ದಾರೆ.

ಕಟ್ಟುವ ಒಂಬತ್ತು ವರ್ಷಗಳಲ್ಲಿ ಬೆರೆಸ್‌ಫರ್ಡ್ ಹೋಪನಿಗೂ ಬಟರ್‌ಫೀಲ್ಡನಿಗೂ ಸಂಬಂಧ ಹಳಸಿತು. ಸಣ್ಣ ಅಲಂಕಾರದಲ್ಲೂ ತನ್ನ ಮಾತೇ ನಡೆಯಬೇಕೆಂಬ ವಾಸ್ತುಶಿಲ್ಪಿ. ಮಾದರಿ ಚರ್ಚು ತನ್ನ ಕನಸೆಂದು ತಿಳಿದಿದ್ದ ಧಣಿ. ಹಜಾರದ ಗೋಡೆಗಳ ಬಣ್ಣ ಅತಿಯಾಯಿತೆಂದು ಹೋಪ್ ದೂರಿದ, ಬಟರ್‌ಫೀಲ್ಡ್ ಬಗ್ಗಲಿಲ್ಲ. ಕಟ್ಟಡ ಒಂದೇ ಮನಸ್ಸಿನ ಕೃತಿಯಾಗಿ ಉಳಿದದ್ದು ಈ ಬಗ್ಗದಿರುವಿಕೆಯಿಂದ. 1859ರ ಮೇ 28ರಂದು ಲಂಡನ್ನಿನ ಬಿಷಪ್ ಆರ್ಚಿಬಾಲ್ಡ್ ಟೇಟ್ ಚರ್ಚನ್ನು ಪ್ರತಿಷ್ಠಾಪಿಸಿದ.

ಚರ್ಚಿನ ಸುತ್ತ ಬೆಳೆದ ಸಂಸ್ಥೆಗಳೂ ಅದರ ಇತಿಹಾಸದ ಭಾಗ. 1851ರಲ್ಲಿ ಹ್ಯಾರಿಯಟ್ ಬ್ರೌನ್‌ಲೋ ಬೈರನ್ ಎಂಬ ಮಹಿಳೆ ಇದೇ ಕೇರಿಯಲ್ಲಿ ಸನ್ಯಾಸಿನಿಯರ ಸಂಘವೊಂದನ್ನು ಕಟ್ಟಿ, ಅನಾಥರನ್ನೂ ರೋಗಿಗಳನ್ನೂ ನೋಡಿಕೊಳ್ಳತೊಡಗಿದಳು. ಪಶ್ಚಿಮ ಲಂಡನ್ನಿನ ಸಿರಿವಂತ ಬೀದಿಗಳ ಹಿಂದೆಯೇ ಕಡು ಬಡತನದ ಓಣಿಗಳಿದ್ದ ಕಾಲ ಅದು. ಗಾಯಕ ಹುಡುಗರ ಶಾಲೆ 1968ರವರೆಗೆ ನಡೆಯಿತು. ಮುಂದೆ ಜಗತ್ಪ್ರಸಿದ್ಧ ನಟನಾದ ಲಾರೆನ್ಸ್ ಒಲಿವಿಯೆ ಅಲ್ಲಿ ಓದಿದವನು. 1917ರಲ್ಲಿ ಶಾಲೆಯವರು ಆಡಿದ ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಅವನು ಬ್ರೂಟಸ್. ನೋಡಿದವರಲ್ಲಿ ಆ ಕಾಲದ ಹಿರಿಯ ನಟಿ ಎಲೆನ್ ಟೆರಿ ಇದ್ದಳು. ನಾಲ್ಕು ಸಾಲು ಕೀಲಿಮಣೆಗಳ ಈಗಿನ ಆರ್ಗನ್ನನ್ನು ಹ್ಯಾರಿಸನ್ ಅಂಡ್ ಹ್ಯಾರಿಸನ್ ಸಂಸ್ಥೆ 1911ರ ಹೊತ್ತಿಗೆ ಕಟ್ಟಿತು.

ಕಟ್ಟಡದ ಬಗ್ಗೆ ಅಭಿಪ್ರಾಯಗಳು ಮೊದಲಿನಿಂದಲೂ ಇಬ್ಬಗೆ. ಕೆಲಸ ಇನ್ನೂ ನಡೆಯುತ್ತಿದ್ದ 1853ರಲ್ಲೇ ಕಲಾ ವಿಮರ್ಶಕ ಜಾನ್ ರಸ್ಕಿನ್ 'ದಿ ಸ್ಟೋನ್ಸ್ ಆಫ್ ವೆನಿಸ್' ಗ್ರಂಥದ ಮೂರನೆಯ ಸಂಪುಟದಲ್ಲಿ, ಅಂಜಿಕೆಯಾಗಲಿ ಅಸಾಮರ್ಥ್ಯವಾಗಲಿ ಕಾಣದ ಮೊದಲ ಆಧುನಿಕ ಕಟ್ಟಡ ಇದೆಂದು ಹೊಗಳಿದ. ಬಟರ್‌ಫೀಲ್ಡನ ಇಟ್ಟಿಗೆಪಟ್ಟಿಗಳಿಗೆ ರಸ್ಕಿನನೇ ಪ್ರೇರಣೆ ಎಂದು ಹೇಳುವ ರೂಢಿಯಿದೆ. ವರ್ಷಗಳನ್ನು ನೋಡಿದರೆ ಅದನ್ನು ಪೂರ್ತಿ ಒಪ್ಪಲಾಗದು. ವೆನಿಸ್ಸಿನ ಕುರಿತ ಗ್ರಂಥ ಬರುವ ಮೊದಲೇ ಈ ಚರ್ಚಿಗೆ ಅಡಿಗಲ್ಲು ಬಿದ್ದಿತ್ತು. 1849ರ 'ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್' ಮಾತ್ರ ಬಟರ್‌ಫೀಲ್ಡನ ಕೈಗೆ ಸಿಕ್ಕಿರಬಹುದು. ಸ್ಟ್ರೀಟ್ ಇದನ್ನು ಆ ಕಾಲದ ಅತ್ಯಂತ ಕಸುವುಳ್ಳ ಚರ್ಚೆಂದು ಮೆಚ್ಚಿದ. 1872ರಲ್ಲಿ ಗೋಥಿಕ್ ಪುನರುಜ್ಜೀವನದ ಇತಿಹಾಸ ಬರೆದ ಚಾರ್ಲ್ಸ್ ಈಸ್ಟ್‌ಲೇಕ್ ಇದರ ದಿಟ್ಟತನಕ್ಕೆ ತಲೆಬಾಗಿದ. ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಯೌವನದಲ್ಲಿ ಬಟರ್‌ಫೀಲ್ಡನ ಅಭಿಮಾನಿ. 1874ರಲ್ಲಿ ಮತ್ತೆ ನೋಡಲು ಬಂದು, ಹಳೆಯ ಉತ್ಸಾಹ ಸರಿಯಿತ್ತೇ ಎಂಬ ಸಂದೇಹವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವಿಕ್ಟೋರಿಯಾ ಕಾಲದ ಕಟ್ಟಡಗಳೆಂದರೆ ತಾತ್ಸಾರ. 1945ರಲ್ಲಿ ವಾಸ್ತು ಇತಿಹಾಸಕಾರ ಜಾನ್ ಸಮರ್ಸನ್ ಬರೆದ ಪ್ರಬಂಧದ ತಲೆಬರಹವೇ ಬಟರ್‌ಫೀಲ್ಡನಲ್ಲಿ ಕುರೂಪದ ವೈಭವವನ್ನು ಕಂಡಿತು. ಆದರೂ ಆ ಪ್ರಬಂಧದಿಂದಲೇ ಗಂಭೀರ ಮರುವಿಚಾರ ಶುರುವಾಯಿತು. ಕವಿ ಜಾನ್ ಬೆಟ್‌ಜಮನ್ ಬಿಬಿಸಿ ಬಾನುಲಿಯಲ್ಲೂ ಲೇಖನಗಳಲ್ಲೂ ವಿಕ್ಟೋರಿಯಾ ಕಾಲದ ಚರ್ಚುಗಳ ಪರವಾಗಿ ದಣಿಯದೆ ಮಾತಾಡಿದ. ಆ ಕಾಲದ ಕಟ್ಟಡಗಳ ರಕ್ಷಣೆಗೆ 1958ರಲ್ಲಿ ವಿಕ್ಟೋರಿಯನ್ ಸೊಸೈಟಿ ಹುಟ್ಟಿತು. ಪಾಲ್ ಥಾಂಪ್ಸನ್ 1971ರಲ್ಲಿ ಬಟರ್‌ಫೀಲ್ಡನ ಕುರಿತು ದೊಡ್ಡ ಅಧ್ಯಯನ ಪ್ರಕಟಿಸಿದ. ಆಲ್ ಸೇಂಟ್ಸ್ ಈಗ ಅಲ್ಲಿಯ ಸರ್ಕಾರ ರಕ್ಷಿತ ಕಟ್ಟಡಗಳಿಗೆ ಕೊಡುವ ಅತ್ಯುನ್ನತ ದರ್ಜೆಯಲ್ಲಿದೆ. ಈಚಿನ ದಶಕಗಳಲ್ಲಿ ಒಳಗೋಡೆಗಳ ಮಸಿ ತೊಳೆದಾಗ ಟೈಲುಗಳ ಬಣ್ಣ ಮೊದಲಿನ ಕಾಂತಿಯಲ್ಲೇ ಹೊರಬಂತು.

ಬಟರ್‌ಫೀಲ್ಡ್ 1900ರವರೆಗೆ ಬದುಕಿದ. ಇಟ್ಟಿಗೆಪಟ್ಟಿಗಳ ಈ ಭಾಷೆಯನ್ನು ಅವನು ರಗ್ಬಿ ಶಾಲೆಯ ಚಾಪೆಲ್ಲಿನಲ್ಲಿ ಬಳಸಿದ; ಜಾನ್ ಕೀಬಲನ ನೆನಪಿಗೆ ಆಕ್ಸ್‌ಫರ್ಡಿನಲ್ಲಿ ಕಟ್ಟಿದ ಕೀಬಲ್ ಕಾಲೇಜಿನಲ್ಲಿ ಇನ್ನಷ್ಟು ಬೆಳೆಸಿದ. ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಇನ್‌ಸ್ಟಿಟ್ಯೂಟ್ 1884ರಲ್ಲಿ ಅವನಿಗೆ ಚಿನ್ನದ ಪದಕ ಕೊಟ್ಟಾಗ ಸ್ವೀಕರಿಸಲು ಅವನು ತಾನೇ ಹೋಗಲಿಲ್ಲ. ಮೆಲ್ಬರ್ನಿನ ಸೇಂಟ್ ಪಾಲ್ ಕೆಥೀಡ್ರಲ್ಲಿಗೂ ನಕಾಶೆ ಅವನದೇ, ಅವನು ಆಸ್ಟ್ರೇಲಿಯಾ ಕಾಣದಿದ್ದರೂ. ಭಾರತದಲ್ಲಿ ಅವನ ಕೈಗೆಲಸ ನೋಡಬೇಕಾದವರು ಮುಂಬಯಿಯ ಕೊಲಾಬಕ್ಕೆ ಹೋಗಬೇಕು. ಮೊದಲ ಆಫ್ಘನ್ ಯುದ್ಧದಲ್ಲಿ ಸತ್ತವರ ಸ್ಮಾರಕವಾಗಿ ಅಲ್ಲಿ ಕಟ್ಟಿದ, ಜನ ಆಫ್ಘನ್ ಚರ್ಚೆಂದು ಕರೆಯುವ ಸೇಂಟ್ ಜಾನ್ ಚರ್ಚು 1858ರಲ್ಲಿ ಪ್ರತಿಷ್ಠಾಪನೆಯಾಯಿತು. ಕಟ್ಟಡದ ವಿನ್ಯಾಸ ಹೆನ್ರಿ ಕೋನಿಬೇರನದು. ಒಳಗಿನ ನೆಲದ ಟೈಲುಗಳ ಜ್ಯಾಮಿತಿ, ಮರದ ಬೆಂಚುಗಳು ಮತ್ತು ಬಲಿಪೀಠದ ಮುಂದಿನ ಜಾಲರಿ ಬಟರ್‌ಫೀಲ್ಡನ ಮೇಜಿನಿಂದ ಬಂದವು.